ಬೇಕಂತ ಮಾಡಿದ ತಪ್ಪು

ನಮ್ಮಕ್ಕ ರಾಣೇಬೆನ್ನೂರಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಈಗಲೂ ಸಂಜೆಯಾದರೆ ಅವಳ ಪಡಸಾಲೆ ತುಂಬ ಒಂಬತ್ತನೇ ತರಗತಿಯ ಹುಡುಗಿಯರು. ಭಾವ ತೀರಿಕೊಂಡ ಮೇಲೆ ಆ ಮನೆಗೆ ಜೀವ ಬರುವುದೇ ಆ ಹೊತ್ತಿನಲ್ಲಿ. ನಾನು ಬ್ಯಾಡಗಿಯಿಂದ ಹೋದಾಗಲೆಲ್ಲ ಮೂಲೆಯಲ್ಲಿ ಕುಳಿತು ಸೊಪ್ಪು ಸೋಸುತ್ತ ಪಾಠ ಕೇಳುತ್ತೇನೆ. ನನ್ನ ತಲೆಗೆ ಗಣಿತ ಹತ್ತಿಸಿದವಳೂ ಅವಳೇ.

ಕಳೆದ ಚಳಿಗಾಲ ಅವಳು ರೇಖಾತ್ಮಕ ಸಮೀಕರಣವನ್ನು ಆದರ್ಶ ರೂಪಕ್ಕೆ ತರುವುದನ್ನು ಹೇಳಿಕೊಡುತ್ತಿದ್ದಳು. ಪದಗಳೆಲ್ಲ ಎಡಕ್ಕೆ ಬರಬೇಕು, ಬಲಕ್ಕೆ ಸೊನ್ನೆಯೊಂದೇ ಉಳಿಯಬೇಕು.

"ಬರಾಬರಿ ಚಿಹ್ನೆ ಅಂದ್ರ ಹೊಸ್ತಿಲಾ ಅಂತ ತಿಳೀರಿ. ದಾಟಿ ಬರೂಮುಂದ ಪ್ಲಸ್ ಇದ್ದದ್ದು ಮೈನಸ್ ಆಗಬೇಕು, ಮೈನಸ್ ಇದ್ದದ್ದು ಪ್ಲಸ್. ಚಪ್ಪಲ್ ಮೆಟ್ಟಿಕೊಂಡು ಒಳಗ ಬಂದ್ರ ನಮ್ಮವ್ವ ಕಾಲು ಮುರೀತಿದ್ಲು."

ಹುಡುಗಿಯರು ನಕ್ಕರು. ಅಕ್ಕ ಹಲಗೆಯ ಮೇಲೆ 3x = 5 − 2y ಎಂದು ಬರೆದು, ಕೆಳಗೆ 3x − 2y − 5 = 0 ಎಂದು ಬರೆದಳು. ಐದರ ಚಿಹ್ನೆ ಬದಲಾಗಿತ್ತು. 2y ಮಾತ್ರ ಚಪ್ಪಲಿ ಬಿಟ್ಟಿರಲಿಲ್ಲ.

ತಾಳೆ ನೋಡದೆ ಲೆಕ್ಕ ಮುಗಿಸುವವಳಲ್ಲ ಅವಳು. x, y ಎರಡಕ್ಕೂ ಒಂದನ್ನಿಟ್ಟಳು. ಮೇಲಿನ ಸಾಲು ಸರಿಹೋಯಿತು, ಕೆಳಗಿನದರಲ್ಲಿ ಸೊನ್ನೆ ಬರಲಿಲ್ಲ. ಒರೆಸಿ ಮತ್ತೆ ಬರೆದಳು. ಮತ್ತೆ ಅದೇ ಮೈನಸ್.

"ಇವತ್ತಿಗೆ ಸಾಕು, ಏಳ್ರಿ. ಕುಪ್ಪೇಲೂರು ಬಸ್ ತಪ್ಪತೈತಿ."

ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು. "ಎಲ್ಲಿ ತಪ್ಪೇನಿ, ತೋರಸು."

ನಾನೆದ್ದು ಆ ಮೈನಸ್ ಮೇಲೆ ಬೆರಳಿಟ್ಟೆ.

"ಹೋದ ವಾರನೂ ಹಿಂಗ ಆತು. ಹಾವೇರಿ ಡಾಕ್ಟರ್‌ಗೆ ತೋರಿಸೇನಿ. ಮರವು ಹೆಚ್ಚಾಗಬಹುದು ಅಂದಾರ. ಹುಡುಗ್ಯಾರಿಗೆ ತಪ್ಪು ಕಲಿಸಾಕ ನನಗ ಮನಸಿಲ್ಲ. ಬಿಡಬೇಕಂದ್ರ, ಸಂಜೀಕ ಏನ್ ಮಾಡ್ಲಿ ಹೇಳು."

ನಾನು ಆ ಮೈನಸ್ ಒರೆಸಿ ಪ್ಲಸ್ ಬರೆದೆ.

ಮರುದಿನ ಅವಳೇ ಒಂದು ದಾರಿ ಹುಡುಕಿದ್ದಳು. "ಇನ್ನ ಮ್ಯಾಲೆ ನಾ ನಡುನಡುವ ಬೇಕಂತ ತಪ್ಪು ಬರೀತೇನಿ. ಹಿಡದಾಕಿಗೆ ಶೇಂಗಾ ಚಿಕ್ಕಿ."

"ನಮ್ಮ ಹಲ್ಲು ಉದರತಾವ್ರಿ ಟೀಚರ್," ಎಂದಳು ಕುಪ್ಪೇಲೂರಿನ ಹುಡುಗಿ.

"ಉದರ್ಲಿ ಬಿಡು, ಮಾರ್ಕ್ಸ್ ಉಳೀಲಿ."

ಹುಡುಗಿಯರು ಸಾಲುಸಾಲಿಗೂ ತಾಳೆ ನೋಡತೊಡಗಿದರು. ಹಿಂದೆಂದೂ ಇಷ್ಟು ಚುರುಕಾಗಿರಲಿಲ್ಲ. ಯಾವ ತಪ್ಪು ಬೇಕಂತ ಮಾಡಿದ್ದು, ಯಾವುದು ಅಲ್ಲ ಎಂಬುದು ನನಗೂ ತಿಳಿಯುತ್ತಿರಲಿಲ್ಲ. ತಿಳಿಯದಿದ್ದುದೇ ಒಳ್ಳೆಯದು ಎಂದುಕೊಂಡು ನೆಮ್ಮದಿಯಾಗಿದ್ದೆ.

ಮೊನ್ನೆ ಹೋದಾಗ ಆ ಹುಡುಗಿಯೇ ಕೈಯೆತ್ತಿದಳು. "ಟೀಚರ್, ಇವತ್ತಿನ ತಪ್ಪು ಭಾಳ ಸಸಾರ ಆತ್ರಿ. ಸಣ್ಣ ಹುಡುಗ್ರಿಗೂ ಕಾಣತೈತಿ."

ಅಕ್ಕ ನಕ್ಕು ಡಬ್ಬಿ ತೆಗೆದು ಚಿಕ್ಕಿ ಕೊಟ್ಟಳು. ಆಮೇಲೆ ಹಲಗೆಗೆ ಮುಖಮಾಡಿ ನಿಂತಳು. ಸೀಮೆಸುಣ್ಣ ಹಿಡಿದ ಕೈ ಸಾಲಿನ ಉದ್ದಕ್ಕೂ ಹೋಯಿತು, ಬಂತು, ಎಲ್ಲಿಯೂ ನಿಲ್ಲಲಿಲ್ಲ.

"ಬಾರವಾ, ನೀನ ತಿದ್ದು. ಮುಂದಿನದೂ ನೀನ ಹೇಳಿಕೊಡು."

ಸೀಮೆಸುಣ್ಣವನ್ನು ಅವಳ ಕೈಗಿಟ್ಟು ಬಂದು ನನ್ನ ಪಕ್ಕದಲ್ಲಿ ಕುಳಿತಳು. ಸೊಪ್ಪಿನ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.