ಗಡಿಯಾರದ ಮೇಲಿನ ಪೌಲೋ

ಬೆಳಕು ಹರಿಯುವ ಮೊದಲು ಅಂಗಳದಲ್ಲಿ ಬಿದ್ದ ದೀವಿಹಲಸಿನ ಎಲೆ ಗುಡಿಸಬೇಕು, ಒಲೆ ಹೊತ್ತಿಸಿ ಕೋಕೋ ಕುದಿಸಬೇಕು, ತೆಂಗು ತುರಿದು ಹಾಲು ಹಿಂಡಬೇಕು, ರಾತ್ರಿ ಹಾಸಿದ ಚಾಪೆಗಳನ್ನೆಲ್ಲ ಸುತ್ತಿಡಬೇಕು, ಗಂಡ ಮಲಗಿದ್ದೊಂದನ್ನು ಬಿಟ್ಟು.

ಇಷ್ಟರ ನಡುವೆ ಬೈಯಲು ನನ್ನ ಬಾಯಿಗೆ ಸಿಗುತ್ತಿದ್ದದ್ದು ಗೋಡೆ ಗಡಿಯಾರದ ಮೇಲಿನ ಹಲ್ಲಿ. ಹೊಟ್ಟೆ ಊದಿಸಿಕೊಂಡು ಕೂರುವುದು, ಆಗಾಗ ಲೊಚಗುಟ್ಟುವುದು, ಅಷ್ಟೇ ಅದರ ಕೆಲಸ. ಅದಕ್ಕೇ ಗಂಡನ ಹೆಸರಿಟ್ಟಿದ್ದೆ. “ಏ ಪೌಲೋ, ಬಾಲನಾದ್ರೂ ಅಲ್ಲಾಡಿಸೋ!” ಎಂದರೆ ಇಬ್ಬರೂ ಅಲ್ಲಾಡುತ್ತಿರಲಿಲ್ಲ.

ಅವತ್ತು ಹೆಂಗಸರ ಸಂಘದವರು ಮನೆಮನೆ ಚೊಕ್ಕಟ ನೋಡಲು ಬರುವ ದಿನ. ಸಮೋವಾದಲ್ಲಿ ಅವರ ಬಾಯಿಗೆ ಬೀಳುವುದಕ್ಕಿಂತ ಚಂಡಮಾರುತ ವಾಸಿ. ಹೋದ ಸಲ ಗೋಡೆಯಲ್ಲಿ ಹಲ್ಲಿ ಹಿಕ್ಕೆ ಕಂಡು ನಮ್ಮದನ್ನು ‘ಹಿಕ್ಕೆಮನೆ’ ಎಂದು ಸಭೆಯಲ್ಲಿ ಕೂಗಿದ್ದರು. ಇನ್ನೊಮ್ಮೆ ಕೂಗಿಸಿಕೊಂಡರೆ ತಲೆ ಎತ್ತುವ ಹಾಗಿರಲಿಲ್ಲ. ಅಧ್ಯಕ್ಷೆಯೋ, ಗಡಿಯಾರ ಎತ್ತಿ ನೋಡದೆ ಹೋಗುವವಳಲ್ಲ.

ಟೀಚರಾಗಿರುವ ನನ್ನಣ್ಣನ ಮಗಳು ಲೆಪೆಕಾ ಸ್ಕೂಲಿಗೆ ಹೋಗುವ ದಾರಿಯಲ್ಲಿ ಕೈಜೋಡಿಸಲು ಬಂದಳು. ಗಡಿಯಾರ ಇಳಿಸಿದವಳೇ ಕಿಸಕ್ಕೆಂದಳು. ಗೋಡೆಗೆ ಎರಡು ಬಿಳಿ ಮೊಟ್ಟೆ ಅಂಟಿದ್ದವು.

“ಅತ್ತೆ, ನಿನ್ ಪೌಲೋ ಮೊಟ್ಟೆ ಇಟ್ಟವ್ನೆ!”

“ಅವನ ಹೆಂಡ್ತಿ ಇಟ್ಟಿರ್ತಾಳೆ ಬಿಡೇ.”

“ಈ ಜಾತಿ ಹಲ್ಲೀಲಿ ಗಂಡೇ ಇಲ್ಲ ಅನ್ಬೋದು ಅತ್ತೆ. ಎಲ್ಲಾ ಹೆಣ್ಣೇ. ಜೋಡಿ ಇಲ್ದೇನೇ ಮೊಟ್ಟೆ ಇಡ್ತವೆ, ಮರಿನೂ ಹೆಣ್ಣೇ.”

“ಗಂಡಿಲ್ದೆ? ಮತ್ತೆ ಕೋಕೋ ಯಾರಿಗೆ ಕುದಿಸ್ತವೆ?”

“ಪೆನಿನಾ, ಕೋಕೋ ಆಯ್ತೇನೇ?” ಚಾಪೆಯ ಮೇಲಿಂದ ಪೌಲೋ.

ಲೆಪೆಕಾ ನಗುತ್ತಲೇ ಸ್ಕೂಲಿಗೆ ಓಡಿದಳು. ನಾನು ಮೊಟ್ಟೆ ಕೆರೆಯಲು ಚಾಕು ಹಿಡಿದು ನಿಂತೆ. ಸುಮ್ಮನೆ ಕೂತದ್ದನ್ನೆಲ್ಲ ಗಂಡಸೆಂದುಕೊಂಡ ನನ್ನ ಜಾಣತನವೇ! ಏನು ಮಾಡಲಿ, ಸುಮ್ಮನೆ ಕೂತ ಹೆಂಗಸನ್ನು ಕಂಡಿದ್ದರೆ ತಾನೇ ಗುರುತು ಸಿಗೋದು? ರಾತ್ರಿಯೆಲ್ಲ ಸೊಳ್ಳೆ ಹಿಡಿದು ದಣಿದ ಬಸುರಿಯನ್ನು ಹಗಲೆಲ್ಲ ಸೋಮಾರಿ ಎಂದು ಬೈದಿದ್ದೆ, ಅದೂ ನನ್ನ ಗಂಡನ ಹೆಸರು ಹಿಡಿದು. ಅದಕ್ಕಿಂತ ದೊಡ್ಡ ಬೈಗುಳ ನನಗೂ ಗೊತ್ತಿಲ್ಲ.

ಚಾಕು ತಾಗಿಸಿದೆ. ಮೊಟ್ಟೆ ಕಲ್ಲಿನಂತೆ ಅಂಟಿತ್ತು. ಕೆರೆದರೆ ಒಡೆಯುವುದೇ ಸೈ.

ದಾರಿಯಲ್ಲಿ ಸಂಘದವರ ನಗು ಕೇಳಿಸಿತು. ಚಾಕು ಕೆಳಗಿಟ್ಟೆ. ಗಡಿಯಾರವನ್ನು ಮೊದಲಿನ ಹಾಗೇ ಮೊಳೆಗೆ ಸಿಕ್ಕಿಸಿದೆ. ಕೂಗಿಕೊಳ್ಳಲಿ, ಹಿಕ್ಕೆಮನೆಯೇ ಆಗಲಿ. ಗಡಿಯಾರದ ಕೆಳಗೆ ಗೋಡೆಗೊರಗಿ ಕೂತೆ.

“ಪೆನಿನಾ, ಕೋಕೋ?”

ಅಲ್ಲಾಡಲಿಲ್ಲ. ಕೂತಲ್ಲಿಂದಲೇ ನಾನೂ ಲೊಚಗುಟ್ಟಿದೆ.