ಕನ್ಸೊಲಾತಾಳ ಬೊಂಡೊ ಗಾಡಿ

ಸರೋವರದ ದಂಡೆಯ ನಮ್ಮ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಕನ್ಸೊಲಾತಾ ಆಯಾ. ಅದಕ್ಕೂ ಮೊದಲು ಹನ್ನೊಂದು ವರ್ಷ ಕಿಸುಮು–ಬೊಂಡೊ ದಾರಿಯ ಮಟಾಟು ವ್ಯಾನಿನಲ್ಲಿ ಕಂಡಕ್ಟರ್. ಬಾಗಿಲಿಗೆ ಜೋತುಬಿದ್ದು ಕೂಗಿ ಕೂಗಿ ದನಿ ಗೊಗ್ಗರಾಗಿತ್ತು. ವಾರ್ಡಿನಲ್ಲೂ ಮೆಲ್ಲಗೆ ಮಾತಾಡಿದವಳಲ್ಲ. ನಾನು ಅಲ್ಲಿ ಡ್ರೆಸ್ಸಿಂಗ್ ಮಾಡುವ ನರ್ಸು. ನನ್ನ ಟ್ರೇ ಸದ್ದಾದರೆ ಸಾಕು, ಮಕ್ಕಳು ಮಂಚದಡಿ ಸೇರುತ್ತಿದ್ದರು.

ನೋವು ಮರೆಸಲೆಂದು ಯಾರೋ ಪುಣ್ಯಾತ್ಮರು ಕಣ್ಣಿಗೆ ಕಟ್ಟುವ ವಿಆರ್ ಪೆಟ್ಟಿಗೆ ಕೊಟ್ಟರು. ಕಟ್ಟಿಕೊಂಡರೆ ಸುತ್ತಲೂ ಬೇರೆಯೇ ಲೋಕ. ಅದರಲ್ಲಿದ್ದದ್ದು ಜಲಪಾತ, ಉಕ್ಕುವ ಅಲೆ. ಆರು ವರ್ಷದ ಅಮೊಂಡಿಯ ಕಾಲ ಮೇಲೆ ಉಗಾಲಿ ಮುದ್ದೆ ಮಾಡಲು ಇಟ್ಟಿದ್ದ ಕುದಿನೀರು ಚೆಲ್ಲಿತ್ತು. ಪೆಟ್ಟಿಗೆ ಕಟ್ಟಿದೆವು; ಅಲೆ ತನ್ನತ್ತ ಬಂದದ್ದೇ ತಡ, ಮಗು ಕಿಟಾರನೆ ಕಿರುಚಿತು. ಎಂದಿನಂತೆ ವಾರ್ಡಿನ ನಾಲ್ವರು ಕೆಲಸದವರು ಅದುಮಿ ಹಿಡಿದರು, ನಾನು ಗಾಯದ ಪಟ್ಟಿ ಬಿಚ್ಚಿದೆ. ಆ ದಿನ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ನೀರು ಬಿದ್ದು ಬೆಂದ ಮಗೂಗೆ ನೀರೇ ತೋರಿಸ್ತೀರಲ್ಲ ಡಾಕ್ಟ್ರೇ! ಇನ್ಮೇಲೆ ಇವಳನ್ನ ಯಾರೂ ಅದುಮಿ ಹಿಡಿಯೋ ಹಾಗಿಲ್ಲ," ಎಂದಳು ಕನ್ಸೊಲಾತಾ.

"ಅದು ತಜ್ಞರು ಆರಿಸಿದ್ದು, ಬೇರೇದು ಹಾಕೋ ಹಾಗಿಲ್ಲ. ನೀನು ನೆಲ ಒರಸಮ್ಮ," ಎಂದರು ಡಾಕ್ಟರ್ ಒಗೋಲಾ.

ಒರೆಸಿದಳು. ಭಾನುವಾರ, ಪೆಟ್ಟಿಗೆಯ ಜೊತೆ ಬಂದಿದ್ದ ಕ್ಯಾಮೆರಾ ಎತ್ತಿಕೊಂಡು ಹೋಗಿ ತನ್ನ ಹಳೆಯ ಮಟಾಟುವಿನ ಮುಂದಿನ ಸೀಟಿಗೆ ಕಟ್ಟಿ, ಬೊಂಡೊವರೆಗಿನ ದಾರಿಯನ್ನೆಲ್ಲ ಸೆರೆಹಿಡಿದು ಪೆಟ್ಟಿಗೆಗೆ ತುಂಬಿದಳು. ಯಾರನ್ನೂ ಕೇಳಲಿಲ್ಲ.

ಮಂಗಳವಾರ ಅಮೊಂಡಿಗೆ ಪೆಟ್ಟಿಗೆ ಕಟ್ಟಿ, ಮಂಚದ ಕಬ್ಬಿಣ ಬಡಿದು ಕೂಗಿದಳು: "ಬೊಂಡೊ, ಬೊಂಡೊ! ಕಂಡಕ್ಟ್ರಮ್ಮಾ, ಇವತ್ತು ಗಾಡಿ ನಿಂದೇ. ರೈಟ್!"

"ರೈಟ್!" ಅಂದಿತು ಮಗು. ನಾನು ಪಟ್ಟಿಗೆ ಕತ್ತರಿ ಹಾಕಿದೆ. ಕಾಲು ಅದುರಿತು.

"ಆಂಟೀ, ಉರೀತಿದೆ!"

"ಉರಿದ್ರೆ ಬೈಯಿ! ನೋಡು, ಆಡು ಅಡ್ಡ ಬಂತು, ಅದಕ್ಕೂ ಬೈಯಿ!"

ಬೈದಳು ನೋಡಿ! ಆಡಿಗೆ, ಡ್ರೈವರಿಗೆ, ನನಗೆ. ಅಳುತ್ತಲೇ ಬೈದಳು. ಹಿಡಿಯಲು ಬಂದಿದ್ದ ನಾಲ್ವರು ಗೋಡೆಗೊರಗಿ ನಿಂತಿದ್ದರು.

ಗಲಾಟೆ ಕೇಳಿ ಡಾಕ್ಟರ್ ಬಂದು ಬಾಗಿಲಲ್ಲೇ ನಿಂತರು. "ಏನಿದು ಸಂತೆ? ನಿಲ್ಸು ಅದನ್ನ!"

ಕನ್ಸೊಲಾತಾ ಬಾಯಿ ತೆರೆಯುವ ಮೊದಲೇ ಅಮೊಂಡಿ ಗದರಿದಳು: "ಯಾರ್ರೀ ಅದು ಬಾಗಿಲಲ್ಲಿ? ಒಳಗ್ ಬನ್ನಿ, ಇಲ್ಲಾ ಇಳೀರಿ! ಬೊಂಡೊ ಬರೋ ತನಕ ನನ್ನ ಗಾಡಿ ನಿಲ್ಲಲ್ಲ!"

ಡಾಕ್ಟರ್ ಮಗುವನ್ನು ನೋಡಿದರು, ಗೋಡೆಗೊರಗಿದ್ದ ನಾಲ್ವರನ್ನು ನೋಡಿದರು. ಆಮೇಲೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು.

"ರೈಟ್!" ಅಂದಳು ಅಮೊಂಡಿ.