ನಾನು ಸಾಣೆ ಹಿಡಿದ ಪಚ್ಚೆ

ಕೆಜಿಎಫ್‌ನ ಊರಿಗಾಂನಲ್ಲಿ ಶ್ರೀಧರ್ ಮನೆ ಯಾವುದು ಎಂದು ಕೇಳಿದರೆ ಯಾರೂ ಹೇಳಲಾರರು. ಕಲ್ಲು ಸಾರ್ ಮನೆ ಎಂದರೆ ಆಟೋದವರು ತಾವೇ ತಂದು ಬಿಡುತ್ತಾರೆ. ಆ ಕಲ್ಲು ಸಾರ್ ನಾನೇ. ಹುಟ್ಟೂರು ಚಳ್ಳಕೆರೆ. ಹೊಟ್ಟೆಪಾಡಿಗೆ ಇಲ್ಲಿನ ಕಾರ್ಖಾನೆಯೊಂದರಲ್ಲಿ ಎರಕದ ಬಿಡಿಭಾಗಗಳನ್ನು ತಪಾಸಣೆ ಮಾಡುತ್ತೇನೆ. ಎರಕದೊಳಗೆ ಎಲ್ಲಾದರೂ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಪತ್ತೆ ಹಚ್ಚಿ ಅದನ್ನು ಪಕ್ಕಕ್ಕೆ ತಳ್ಳುವುದು ನನ್ನ ಕೆಲಸ. ನನ್ನದು ಹದ್ದಿನ ಕಣ್ಣು ಎಂದು ಮೇಲಿನವರು ಹೊಗಳುತ್ತಾರೆ. ಅವರು ನಮ್ಮ ಮನೆಗೆ ಬಂದಿಲ್ಲ.

ಕಲ್ಲಿನ ಹುಚ್ಚು ಹತ್ತಿದ್ದು ಲಾಕ್‌ಡೌನಿನಲ್ಲಿ. ಗಡ್ಡದವನೊಬ್ಬ ದಾರಿಯಲ್ಲಿ ಬಿದ್ದ ಕಲ್ಲನ್ನು ಉಜ್ಜಿ ಉಜ್ಜಿ ಉಂಗುರದ ಹರಳು ಮಾಡುವುದನ್ನು ಫೋನಿನಲ್ಲಿ ನೋಡಿದೆ. ಅಡಿ ಚಪ್ಪಟೆ, ಮೇಲೆ ಗುಮ್ಮಟದ ಹಾಗೆ ಉಬ್ಬು, ಹುಣಸೆಬೀಜದಂಥ ಹೊಳಪು. ಇಷ್ಟೇ ತಾನೇ ಅನ್ನಿಸಿತು. ನನ್ನ ಹೆಂಡತಿ ಕಲ್ಪನ ಇಡ್ಲಿ ಹಿಟ್ಟು ರುಬ್ಬುತ್ತಿದ್ದ ಗ್ರೈಂಡರಿನ ಮೋಟಾರು ಬಿಚ್ಚಿ ಅದಕ್ಕೆ ಸಾಣೆಚಕ್ರ ಕೂರಿಸಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಉಪ್ಪಿಟ್ಟು.

ಕೆಲಸ ನೋಡಲು ಸುಲಭ. ಕಲ್ಲನ್ನು ಅರಗಿನಿಂದ ಕಡ್ಡಿಯ ತುದಿಗೆ ಅಂಟಿಸಬೇಕು, ನೀರು ತೊಟ್ಟಿಕ್ಕುವ ಚಕ್ರಕ್ಕೆ ಹಿಡಿದು ತಿರುಗಿಸುತ್ತಾ ಸವೆಸಬೇಕು, ಆಮೇಲೆ ನಯವಾದ, ಇನ್ನೂ ನಯವಾದ ಮರಳು ಕಾಗದ, ಕೊನೆಗೆ ತೊಗಲು ಮತ್ತು ಹೊಳಪಿನ ಪುಡಿ. ನನ್ನ ಮೊದಲ ಹರಳು ಅಂಡಾಕಾರಕ್ಕೆಂದು ಹೊರಟು ಗೋಡಂಬಿಯಾಯಿತು. ಎರಡನೆಯದು ಕಡ್ಡಿಯಿಂದ ಚಿಮ್ಮಿ ಅಡುಗೆಮನೆಯ ಸಾರಿನ ಪಾತ್ರೆಗೆ ಬಿತ್ತು. ಕಲ್ಪನ ಅದನ್ನು ಸೌಟಿನಲ್ಲಿ ಎತ್ತಿ, ತೊಳೆದು, ಊಟದ ಹೊತ್ತಿಗೆ ನನ್ನ ತಟ್ಟೆಯ ಅಂಚಿನಲ್ಲಿ ಉಪ್ಪಿನಕಾಯಿಯ ಪಕ್ಕ ಇಟ್ಟಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಹೊಲದ ಬದುಗಳಲ್ಲಿ ಕಲ್ಲು ಆಯುವುದು, ಮನೆಯೊಳಗೆ ಚಕ್ರ ತಿರುಗಿಸುವುದು, ಚರಂಡಿಗೆ ಕೆಂಪು ನೀರು ಬಿಡುವುದು, ಇದನ್ನೆಲ್ಲ ಬೇರೆ ಊರಿನಲ್ಲಿ ಮಾಡಿದ್ದರೆ ಜನ ಹುಚ್ಚ ಎನ್ನುತ್ತಿದ್ದರು. ಕೆಜಿಎಫ್‌ನಲ್ಲಿ ಬೇರೆಯೇ ತೀರ್ಮಾನಕ್ಕೆ ಬಂದರು. ಪಕ್ಕದ ಮನೆಯ ಸೆಲ್ವಿ ಒಂದು ದಿನ ಬಟ್ಟೆ ಒಣಹಾಕುತ್ತಾ ಮೆಲ್ಲಗೆ ಕೇಳಿದಳು:

“ಸಾರ್, ನಮ್ ಹತ್ರ ಮಾತ್ರ ಹೇಳಿ. ತಂಗಂ ಬರ್ತದಾ?”

ಬಂಗಾರವೂ ಇಲ್ಲ ಏನೂ ಇಲ್ಲ, ಬರೀ ಹವ್ಯಾಸ ಎಂದೆ. ಆದರೆ ಹಾಗೆನ್ನುವಾಗ ನನ್ನ ಮುಖದಲ್ಲಿ ಒಂದು ನಗು ಬಂದಿರಬೇಕು. ಅವಳಿಗೆ ಖಾತ್ರಿಯಾಯಿತು. ನನಗೂ ಅದು ಹಿತವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಈ ಸುದ್ದಿ ಆಂಡರ್ಸನ್‌ಪೇಟೆಯಲ್ಲಿ ಸೊಪ್ಪು ಮಾರಲು ಬರುತ್ತಿದ್ದ ಅಮ್ಮಾಜಮ್ಮನ ಕಿವಿಗೂ ಬಿತ್ತು. ಬೂದಿಕೋಟೆಯ ಕಡೆಯವಳು, ಸೊಪ್ಪಿಲ್ಲದ ದಿನ ಕೂಲಿಗೆ ಹೋಗುವವಳು. ಒಂದು ದಿನ ಮನೆಗೇ ಬಂದು, ರಾಗಿ ಹೊಲದಲ್ಲಿ ಕಳೆ ಕೀಳುವಾಗ ಸಿಕ್ಕಿತೆಂದು ಸೆರಗಿನ ಗಂಟು ಬಿಚ್ಚಿ, ಮಣ್ಣು ಮೆತ್ತಿದ ಹಸಿರು ಉಂಡೆಯೊಂದನ್ನು ನನ್ನ ಕೈಗಿಟ್ಟಳು. ನಾನು ಅದನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ನಿಂತು, ಪಚ್ಚೆಯ ಜಾತಿಯದಿರಬಹುದು ಎಂದೆ. ನಾನು ಪಚ್ಚೆಯನ್ನು ಕಂಡಿದ್ದು ಕ್ಯಾಲೆಂಡರಿನ ಲಕ್ಷ್ಮಿಯ ಕಿರೀಟದಲ್ಲಿ ಮಾತ್ರ. ಅವಳು ಹೋದ ಮೇಲೆ ಕಲ್ಪನ ಉಂಡೆಯನ್ನು ತಿರುಗಿಸಿ ನೋಡಿ, ಸೋಡಾ ಬಾಟಲಿಯ ಬಣ್ಣ ಎಂದಳು. ಹೆಂಗಸರಿಗೆ ಖನಿಜಶಾಸ್ತ್ರ ತಿಳಿಯದು ಎಂದುಕೊಂಡು ಅರಗು ಕಾಯಿಸಲು ಹೋದೆ.

ಆ ಕಲ್ಲು ಚಕ್ರಕ್ಕೆ ಬೆಣ್ಣೆಯಂತೆ ಸವೆಯಿತು. ನನ್ನ ಕೈ ಪಳಗಿತು ಎಂದುಕೊಂಡೆ. ಗುಮ್ಮಟ ಎಲ್ಲೂ ವಾಲದೆ ಬಂತು, ಹೊಳಪಿನಲ್ಲಿ ಕಿಟಕಿಯ ಸರಳುಗಳು ಕಾಣುತ್ತಿದ್ದವು. ಅಷ್ಟು ಚೆಂದದ ಹರಳು ನಾನು ಮಾಡಿದ್ದೇ ಇಲ್ಲ. ಫೋಟೋ ತೆಗೆಯಲೆಂದು ಅಂಗಳಕ್ಕೆ ಒಯ್ದಾಗ ಒಳಗೆ ಏನೋ ಮಿಣುಕಿತು. ಭೂತಗನ್ನಡಿ ಹಿಡಿದೆ. ದುಂಡನೆಯ ಗಾಳಿಗುಳ್ಳೆ, ಪಕ್ಕದಲ್ಲಿ ಅದರ ಮರಿ. ಕಾರ್ಖಾನೆಯಲ್ಲಾಗಿದ್ದರೆ ಕಣ್ಣು ಹಾಯಿಸಿದ ತಕ್ಷಣ ಪಕ್ಕಕ್ಕೆ ತಳ್ಳುತ್ತಿದ್ದೆ. ಕರಗಿ ಗಟ್ಟಿಯಾದ ಗಾಜು ಅದು. ನೆಲದೊಳಗೆ ಹುಟ್ಟಿದ ಕಲ್ಲಲ್ಲ.

ಅಷ್ಟರಲ್ಲಿ ಅಮ್ಮಾಜಮ್ಮ ಕಾಲು ಉಳುಕಿಸಿಕೊಂಡು ಮನೆ ಹಿಡಿದಿದ್ದಳು. ಅವರ ಊರಲ್ಲೆಲ್ಲ ಪಚ್ಚೆಯದೇ ಮಾತು ಎಂದು ಸೆಲ್ವಿ ಸುದ್ದಿ ತಂದಳು. ಹೋಗಿ ಹೇಳದೆ ಗತಿಯಿರಲಿಲ್ಲ. ಭಾನುವಾರ ಬಂಗಾರಪೇಟೆಗೆ ಬಂದು, ಬೂದಿಕೋಟೆ ಬಸ್ಸು ನಿಂತಿದ್ದರೂ ಹತ್ತದೆ ಪಾನಿಪುರಿ ತಿಂದೆ. ಆ ಬಸ್ಸು ಹೋಯಿತು. ಮುಂದಿನದಕ್ಕೆ ಕಾಯುತ್ತಾ ಇನ್ನೊಂದು ಪ್ಲೇಟು ತಿಂದೆ. ಹೊಟ್ಟೆಯಲ್ಲಿ ಜಾಗ ಮುಗಿದ ಮೇಲೆ ಬಸ್ಸು ಹತ್ತಿದೆ.

ಅವಳ ಮನೆಯ ಜಗಲಿಯ ಮೇಲೆ ಅರ್ಧ ಊರೇ ಕೂತಿತ್ತು. ನನಗೆ ಕುರ್ಚಿ ಹಾಕಿದರು, ಎಳನೀರು ಕೊಟ್ಟರು. ಎಳನೀರು ಕುಡಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಹರಳನ್ನು ಅಮ್ಮಾಜಮ್ಮನ ಅಂಗೈಗಿಟ್ಟು, ನೆಲ ನೋಡುತ್ತಾ, ಇದು ಗಾಜು, ನಾನು ತಿಳಿಯದೆ ಪಚ್ಚೆ ಎಂದುಬಿಟ್ಟೆ ಎಂದೆ. ಅವಳ ಮೈದುನ ಮುನಿಸ್ವಾಮಪ್ಪ ಎದ್ದು ನನ್ನ ಮುಂದೆ ನಿಂತ.

“ಅಂಗಾದ್ರೆ ಅವತ್ತು ಬಿಸ್ಲಿಗೆ ಇಡ್ಕಂಡು ಏನ್ ನೋಡ್ದೆ ಸಾಮಿ?”

ಅಮ್ಮಾಜಮ್ಮ ಅವನನ್ನು ಗದರಿ ಕೂರಿಸಿದಳು. ಅವಳ ಮುಖ ಸ್ವಲ್ಪ ಇಳಿದಿದ್ದು ನಿಜ. ಹೆಬ್ಬೆರಳಿನಿಂದ ಹರಳಿನ ಬೆನ್ನು ಸವರಿದಳು, ಮತ್ತೆ ಸವರಿದಳು. ಆಮೇಲೆ ಕೈಯೆತ್ತಿ ತನ್ನ ಬಳೆಗಳ ಪಕ್ಕ ಹಿಡಿದು ನೋಡಿದಳು.

“ಇವೂ ಗಾಜೇ ಅಲ್ವಾ, ಗಾಜು ಅಂತ ಯಾವ್ ಎಂಗ್ಸು ಬಿಚ್ಚಿ ಬಿಸಾಕ್ತಾಳೆ? ಓಗ್ಲಿ ಬಿಡಿ. ಇಷ್ಟು ನುಣ್ಣಗೆ ನೀವೇ ಮಾಡಿದ್ರಾ?”

ನಾನೇ ಎಂದೆ. ಇಷ್ಟು ವರ್ಷ ಕಲ್ಲು ಉಜ್ಜಿದರೂ ಯಾರೂ ಹಾಗೆ ಕೇಳಿರಲಿಲ್ಲ. ತಲೆ ತಗ್ಗಿಸಿ ಬಂದವನು ಒಂದೇ ಗಳಿಗೆಯಲ್ಲಿ ಉಬ್ಬಿಹೋಗಿ, ಮರಳು ಕಾಗದದ ಬಗೆಗಳನ್ನು ಅಲ್ಲಿದ್ದವರಿಗೆಲ್ಲ ವಿವರಿಸತೊಡಗಿದೆ. ವಾಪಸ್ಸು ಹೋಗುವ ಬಸ್ಸಿನ ಹಾರ್ನ್ ಕೇಳಿಸಿದಾಗ ನನಗಿಂತ ಅವರಿಗೇ ಹೆಚ್ಚು ಸಂತೋಷವಾದಂತೆ ಕಂಡಿತು.

ಕಾಲು ಸರಿಹೋದ ಮೇಲೆ ಅಮ್ಮಾಜಮ್ಮ ಹರಳನ್ನು ಕರಿದಾರದಲ್ಲಿ ಕಟ್ಟಿಸಿ ಕೊರಳಿಗೆ ಹಾಕಿಕೊಂಡು ಸಂತೆಗೆ ಬಂದಳು. ಕೇಳಿದವರಿಗೆಲ್ಲ ಗಾಜು ಎಂದೇ ಹೇಳಿದಳಂತೆ. ಅಂದಿನಿಂದ ಹೆಂಗಸರು ಬಣ್ಣದ ಗಾಜಿನ ಚೂರು ಹಿಡಿದು ಬರುತ್ತಿದ್ದಾರೆ. ಕಷ್ಟಪಟ್ಟು ಉಜ್ಜಿದ ನನ್ನ ನಿಜವಾದ ಕಲ್ಲುಗಳನ್ನು ತೋರಿಸಿದರೆ, ಚೆನ್ನಾಗಿವೆ ಎಂದು ಮರ್ಯಾದೆಗೆ ಹೇಳಿ ಗಾಜಿನ ಕಡೆ ತಿರುಗುತ್ತಾರೆ. ಕಲ್ಪನ ಮಾತ್ರ ಮೊನ್ನೆ ನನ್ನ ಮೊದಲ ಹರಳನ್ನು, ಆ ಗೋಡಂಬಿಯನ್ನು, ಕೇಳಿ ಇಸಿದುಕೊಂಡಳು. ಮೇಜಿನ ಕಾಲು ಅಲ್ಲಾಡುತ್ತಿತ್ತಂತೆ.

ಕಳೆದ ವಾರ ಮುನಿನಾರಾಯಣಮ್ಮ ಎಂಬಾಕೆ ಕೆಂಪು ಚೂರೊಂದನ್ನು ತಂದಳು. ಬಿಸಿಲಿಗೆ ಹಿಡಿದು ನೋಡಿ, ಒಳ್ಳೆಯ ಜಾತಿಯ ಗಾಜು ಎಂದು ಧೈರ್ಯ ಹೇಳಿ ಕಳಿಸಿದೆ. ಚಕ್ರಕ್ಕೆ ಹಿಡಿದಾಗ ಮೆತ್ತಗಾಗಿ ಸುಟ್ಟ ವಾಸನೆ ಬಂತು. ಯಾವುದೋ ಸ್ಕೂಟರಿನ ಹಿಂದಿನ ಲೈಟಿನ ಪ್ಲಾಸ್ಟಿಕ್ಕು ಅದು. ಆಕೆ ಗುರುವಾರ ಬರುತ್ತೇನೆ ಎಂದಿದ್ದಾಳೆ.